ಪಶ್ಚಿಮ ಘಟ್ಟದ ಕಲ್ಲು ನೋಡಲು ಐದು ದಿನ: ಎಲ್ಲಿಂದ ಶುರು, ಎಲ್ಲಿ ಮುಗಿಸಬೇಕು?

ಪ್ರಶ್ನೆ: ನಾವು ಬೆಂಗಳೂರಿನವರು. ಮಗಳು ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ತೆಗೆದುಕೊಂಡಿದ್ದಾಳೆ. ಹೋದ ವರ್ಷ ಮನಾಲಿಗೆ ಹೋಗಿದ್ದೆವು. ಈ ಸಲ ನವೆಂಬರಿನಲ್ಲಿ ನಮ್ಮ ಪಶ್ಚಿಮ ಘಟ್ಟಕ್ಕೇ ಹೋಗೋಣ ಅಂತ ಅವಳ ಹಟ. ಬೆಟ್ಟ ಹುಟ್ಟಿದ ಬಗೆಯನ್ನು ಕಣ್ಣಾರೆ ನೋಡಬೇಕಂತೆ. ನನಗೆ ಒಂದು ಒಳ್ಳೆಯ ಚಾರಣ ಸಿಕ್ಕರೆ ಸಾಕು. ಹೆಂಡತಿಗೆ ಮಂಡಿನೋವು, ಜಾಸ್ತಿ ಹತ್ತಲು ಆಗುವುದಿಲ್ಲ. ಐದು ದಿನ ರಜೆ ಇದೆ, ಸ್ವಂತ ಕಾರಿದೆ. ಚಿಕ್ಕಮಗಳೂರು, ಕೊಡಗು, ಸಕಲೇಶಪುರ, ಜೋಗ ಎಲ್ಲ ಸೇರಿಸಿ ಒಂದು ಪಟ್ಟಿ ಮಾಡಿದ್ದೇವೆ. ಆದರೆ ಹಿಮಾಲಯ ನೋಡಿದ ಮೇಲೆ ಇಲ್ಲಿ ನೋಡುವುದಕ್ಕೆ ಅಂಥದ್ದೇನಿದೆ ಎಂಬ ಅನುಮಾನವೂ ಇದೆ. ಏನು ಮಾಡೋಣ?

ಉತ್ತರ: ಮೊದಲು ಆ ಪಟ್ಟಿ ಹರಿದು ಹಾಕಿ. ಐದು ದಿನದಲ್ಲಿ ಅಷ್ಟೂ ಊರು ಸುತ್ತಿದರೆ ನೋಡುವುದು ಕಾರಿನ ಕಿಟಕಿಯನ್ನೇ. ಒಂದೊಂದು ವ್ಯೂ ಪಾಯಿಂಟಿಗೂ ಹೋಗಿ, ಮಂಜಿನಲ್ಲಿ ಫೋಟೋ ತೆಗೆದು, ಜೋಳ ತಿಂದು ಬರುವುದಾದರೆ ಬೇರೆ ಮಾತು. ನಿಮ್ಮ ಮಗಳ ಆಸೆ ಅದಲ್ಲ ಅಲ್ವಾ? ಅವಳಿಗೆ ಬೇಕಾಗಿರುವುದು ಬಯಲುಸೀಮೆಯಿಂದ ಸಮುದ್ರದವರೆಗೆ ಒಂದೇ ಗೆರೆ ಎಳೆದ ಹಾಗೆ ಹೋಗುವ ದಾರಿ. ಕಡೂರು, ಚಿಕ್ಕಮಗಳೂರು, ಕಳಸ, ಕುದುರೆಮುಖ, ಆಗುಂಬೆ, ಕೊನೆಗೆ ಮಲ್ಪೆ. ಇದರಾಚೆ ಏನೂ ಬೇಡ. ಜೋಗಕ್ಕೆ ಮಳೆಗಾಲದಲ್ಲಿ ಬೇರೆಯಾಗಿ ಹೋಗಿ.

ಸಮುದ್ರದವರೆಗೂ ಯಾಕೆ ಅಂದರೆ, ಪಶ್ಚಿಮ ಘಟ್ಟ ಹಿಮಾಲಯದ ಥರ ಮಡಿಚಿ ಮೇಲೆದ್ದ ಪರ್ವತ ಅಲ್ಲ. ಹಿಮಾಲಯದಲ್ಲಿ ನಮ್ಮ ಭೂಭಾಗ ಏಷ್ಯಾಕ್ಕೆ ಗುದ್ದಿತು. ಸುಮಾರು 5 ಕೋಟಿ ವರ್ಷದ ಹಿಂದೆ ಶುರುವಾದ ಆ ಗುದ್ದಾಟ ಇನ್ನೂ ನಿಂತಿಲ್ಲ. ಇಲ್ಲಿ ಆಗಿದ್ದು ಅದರ ಉಲ್ಟಾ. ಒಂದು ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು. ಸುಮಾರು 9 ಕೋಟಿ ವರ್ಷದ ಹಿಂದೆ ಅದು ಬಿರಿದು ದೂರ ಹೋಯಿತು. ಬಿರಿದ ಕಡೆಯ ಅಂಚು ಎತ್ತರವಾಗಿ ಉಳಿಯಿತು. ಆ ಅಂಚೇ ಘಟ್ಟ. ಹಳ್ಳಿ ಮನೆಯ ಜಗಲಿ ನೆನೆಸಿಕೊಳ್ಳಿ. ಅಂಗಳದಲ್ಲಿ ನಿಂತವರಿಗೆ ಅದು ಎತ್ತರದ ಕಟ್ಟೆ, ಜಗಲಿ ಮೇಲೆ ಕೂತವರಿಗೆ ಬರೀ ನೆಲ. ಬೆಂಗಳೂರಿನಿಂದ ಹೋದವರಿಗೆ ಘಟ್ಟ ಅಷ್ಟೇನೂ ಎತ್ತರ ಅನ್ನಿಸದಿರುವುದು ಇದಕ್ಕೇ. ನೀವು ಮೊದಲೇ ಸುಮಾರು 900 ಮೀಟರ್ ಎತ್ತರದಲ್ಲಿ ಇದ್ದೀರಿ. ಘಟ್ಟದ ಎತ್ತರ ಗೊತ್ತಾಗಬೇಕಾದರೆ ಘಟ್ಟ ಇಳಿಯಬೇಕು, ಇಳಿದು ಹಿಂತಿರುಗಿ ನೋಡಬೇಕು. ಹಾಗೆ ಒಡೆದ ಅಂಚು ಸವೆಯುತ್ತ ಪೂರ್ವಕ್ಕೆ ಸರಿದು ಬಂದಿದೆ ಎಂಬುದು ಹೆಚ್ಚಿನ ಭೂವಿಜ್ಞಾನಿಗಳ ಅಭಿಪ್ರಾಯ. ಎಷ್ಟು ಸರಿದಿದೆ, ಯಾವಾಗ ಸರಿದಿದೆ ಎನ್ನುವುದರಲ್ಲಿ ವಾದ ಮುಗಿದಿಲ್ಲ.

ಘಟ್ಟದ ಆಕಾರಕ್ಕೂ ಅಲ್ಲಿನ ಕಲ್ಲಿಗೂ ವಯಸ್ಸಿನಲ್ಲಿ ಅಜಗಜಾಂತರ. ಆಕಾರಕ್ಕೆ 9 ಕೋಟಿ ವರ್ಷವಾದರೆ ಕಲ್ಲಿಗೆ 300 ಕೋಟಿ ವರ್ಷ. ಇದನ್ನು ಮಗಳು ಬೆಂಗಳೂರು ಬಿಡುವ ಮುಂಚೆಯೇ ಮುಟ್ಟಿ ನೋಡಬಹುದು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ಇರುವ ಬಂಡೆ ಇದೆಯಲ್ಲ, ಅದು ನೈಸ್ ಎಂಬ ಕಲ್ಲು. ವಯಸ್ಸು ಸುಮಾರು 300 ಕೋಟಿ ವರ್ಷ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದ್ದಾರೆ, ಪಕ್ಕದಲ್ಲೇ ಫಲಕವೂ ಇದೆ. ಬೆಳಗ್ಗೆ ವಾಕಿಂಗ್ ಬರುವವರು ದಿನಾ ಅದನ್ನು ತುಳಿದುಕೊಂಡೇ ಹೋಗುತ್ತಾರೆ, ಓದುವವರು ಕಡಿಮೆ. ಬೂದು ಮತ್ತು ಬಿಳಿ ಪಟ್ಟಿಗಳು ಬಳುಕಿಕೊಂಡು ಹೋಗಿರುವುದನ್ನು ಅಲ್ಲೇ ಚೆನ್ನಾಗಿ ನೋಡಿಕೊಂಡರೆ ಮುಂದೆ ದಾರಿಯುದ್ದಕ್ಕೂ ಗುರುತು ಸಿಗುತ್ತದೆ. ನಮ್ಮ ದಕ್ಷಿಣ ಕರ್ನಾಟಕದ ಬಹುಪಾಲು ತಳಪಾಯ ಅದೇ.

ಹೊರಡುವುದು ಭಾನುವಾರ ಬೆಳಗ್ಗೆ ಆಗಲಿ. ಶನಿವಾರ ಹೋದವರೆಲ್ಲ ವಾಪಸ್ ಬರುವಾಗ ನೀವು ಎದುರು ದಿಕ್ಕಿನಲ್ಲಿ ಹೋಗುತ್ತೀರಿ. ಹಾಸನದ ದಾರಿ ಬೇಗ ಮುಟ್ಟಿಸುತ್ತದೆ, ನಿಜ. ಆದರೂ ತುಮಕೂರು, ತಿಪಟೂರು, ಅರಸೀಕೆರೆ, ಕಡೂರಿನ ಮೇಲೆ ಹೋಗಿ ಅನ್ನುತ್ತೇನೆ. ಕಡೂರಿನವರೆಗೂ ತೆಂಗು, ರಾಗಿ, ಒಣ ಕೆರೆ. ಅಲ್ಲಿಂದ ಚಿಕ್ಕಮಗಳೂರಿಗೆ ಸುಮಾರು 40 ಕಿ.ಮೀ. ಅಷ್ಟರಲ್ಲೇ ಎದುರಿಗೆ ಬೆಟ್ಟ ಎದ್ದು ನಿಲ್ಲುತ್ತದೆ, ಗಾಳಿ ತಣ್ಣಗಾಗುತ್ತದೆ, ಕಾಫಿ ತೋಟ ಶುರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಕಡೂರಿನ ಕಡೆ ಅದರ ಹತ್ತನೇ ಒಂದು ಭಾಗದಷ್ಟು. ಅರಬ್ಬೀ ಸಮುದ್ರದ ಮೋಡವನ್ನು ಘಟ್ಟ ತಡೆದು ಹಿಂಡಿಬಿಡುತ್ತದೆ, ಈಚೆ ಕಡೆಗೆ ಉಳಿಯುವುದು ಅಷ್ಟೇ. ಮಳೆನೆರಳು ಅಂತ ಪಾಠದಲ್ಲಿ ಓದಿದ್ದನ್ನು ನೀವು ಕಾರಿನಲ್ಲೇ ದಾಟುತ್ತೀರಿ.

ಸೋಮವಾರ ಬೆಳಗ್ಗೆ ಬಾಬಾಬುಡನ್ ಬೆಟ್ಟಗಳು. ಊರಿನವರು ಚಂದ್ರದ್ರೋಣ ಪರ್ವತ ಅನ್ನುತ್ತಾರೆ. ನಕ್ಷೆಯಲ್ಲಿ ನೋಡಿದರೆ ಸಾಲು ಬಾಗಿಕೊಂಡು ಕುದುರೆ ಲಾಳದ ಆಕಾರದಲ್ಲಿದೆ, ಮಧ್ಯದಲ್ಲಿ ಜಾಗರ ಕಣಿವೆ. ಇಲ್ಲಿನ ಕಲ್ಲುಗಳಿಗೆ ಸುಮಾರು 270ರಿಂದ 290 ಕೋಟಿ ವರ್ಷ. ಇಡೀ ಪ್ರಪಂಚದ ಭೂವಿಜ್ಞಾನಿಗಳು ಈ ಸಾಲಿನ ಹೆಸರು ಕೇಳಿರುತ್ತಾರೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಪ್ರವಾಸದ ತಿರುಳು ಇದೇ.

ಬೆಟ್ಟದ ಬುಡದಲ್ಲಿ, ನೈಸ್ ಬಂಡೆಯ ಮೇಲೆ, ಹಳೆಯ ನದಿಯ ಉರುಟು ಕಲ್ಲುಗಳು ಅಂಟಿ ಗಟ್ಟಿಯಾದ ಒಂದು ಪದರ ಇದೆ. ಚಿಕ್ಕಮಗಳೂರಿನ ಪಕ್ಕದ ಕರ್ತಿಕೆರೆಯ ಹೆಸರು ಅದಕ್ಕೆ. ಆ ಪದರದಲ್ಲಿ ನೀರಿನಲ್ಲಿ ಉರುಳಿ ಬಂದ ಪೈರೈಟ್ ಕಣಗಳಿವೆ. ಪೈರೈಟ್ ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಈಗಿನ ಹೊಳೆಯಲ್ಲಾದರೆ ಅದು ಉರುಳುವಷ್ಟರಲ್ಲೇ ತುಕ್ಕಾಗಿ ಹೋಗುತ್ತದೆ. ಅದು ಉಳಿದಿದೆ ಎಂದರೆ ಆಗಿನ ಗಾಳಿಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದರ ಮೇಲೆ ಲಾವಾ ಹರಿದ ಪದರಗಳು, ಮಧ್ಯೆ ಮಧ್ಯೆ ಮರಳು ಗಟ್ಟಿಯಾದ ಬಿಳಿ ಕಲ್ಲು. ಆ ಬಿಳಿ ಕಲ್ಲಿನ ಮೇಲೆ ಕೆಲವು ಕಡೆ ನೀರಿನ ಅಲೆಯ ಗುರುತು ಹಾಗೇ ಉಳಿದಿದೆ. ಎಲ್ಲಕ್ಕಿಂತ ಮೇಲೆ, ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ, ಕಬ್ಬಿಣದ ಪಟ್ಟೆ ಕಲ್ಲು. ಒಂದು ಗೆರೆ ಕಬ್ಬಿಣ, ಒಂದು ಗೆರೆ ಬೆಣಚು, ಮತ್ತೆ ಕಬ್ಬಿಣ, ಮತ್ತೆ ಬೆಣಚು. ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಇಳಿದು ಆಗಿದ್ದು. ಅದನ್ನು ಇಳಿಸಿದ್ದರಲ್ಲಿ ಸೂಕ್ಷ್ಮಜೀವಿಗಳ ಪಾಲು ಇತ್ತು ಎನ್ನುತ್ತಾರೆ. ಒಟ್ಟಿನಲ್ಲಿ ಬುಡದಿಂದ ನೆತ್ತಿಗೆ ಹೋಗುವಾಗ ಈ ಭೂಮಿಯ ಬಾಲ್ಯವನ್ನೇ ಹತ್ತಿದಂತೆ. ಆ ಸಮುದ್ರದ ತಳ ಈಗ ಕರ್ನಾಟಕದ ಅತಿ ಎತ್ತರದ ಜಾಗ, ಸುಮಾರು 1,930 ಮೀಟರ್. ಅದು ಎತ್ತರದಲ್ಲಿ ಉಳಿದಿರುವುದಕ್ಕೆ ಕಾರಣವೂ ಆ ಕಲ್ಲೇ. ಗಟ್ಟಿ ಕಲ್ಲು, ಬೇಗ ಸವೆಯುವುದಿಲ್ಲ.

ಮಗಳ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಮತ್ತು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಲೆನ್ಸ್ ಇರಲಿ. ಮ್ಯಾಗ್ನೆಟೈಟ್, ಹೆಮಟೈಟ್ ಎರಡೂ ಕಬ್ಬಿಣದ ಖನಿಜಗಳೇ. ಕಪ್ಪು ಗೆರೆಯಲ್ಲಿ ಮ್ಯಾಗ್ನೆಟೈಟ್ ಇದ್ದರೆ ಅಯಸ್ಕಾಂತ ಪಟ್ಟನೆ ಕಚ್ಚುತ್ತದೆ, ಹೆಮಟೈಟ್ ಆದರೆ ಇಲ್ಲ. ಸುತ್ತಿಗೆ ಮನೆಯಲ್ಲೇ ಇರಲಿ. ಮುಳ್ಳಯ್ಯನಗಿರಿಯಲ್ಲಿ ಗುಡಿ ಇದೆ, ಕುದುರೆಮುಖದಲ್ಲಿ ರಾಷ್ಟ್ರೀಯ ಉದ್ಯಾನದ ಕಾನೂನಿದೆ. ಒಂದು ಚೂರು ಕಲ್ಲನ್ನೂ ತರುವಂತಿಲ್ಲ. ರಸ್ತೆ ಅಗಲ ಮಾಡಲು ಕೊರೆದ ಜಾಗದಲ್ಲಿ ಬೇಕಾದಷ್ಟು ತಾಜಾ ಕಲ್ಲು ಕಾಣುತ್ತದೆ, ಅಲ್ಲಿ ನೋಡಿ, ಫೋಟೋ ತೆಗೆದುಕೊಳ್ಳಿ. ಫೋಟೋದಲ್ಲಿ ಒಂದು ಪೆನ್ನೋ ನಾಣ್ಯವೋ ಪಕ್ಕಕ್ಕೆ ಇಟ್ಟರೆ ಅಳತೆ ಗೊತ್ತಾಗುತ್ತದೆ.

ಮುಳ್ಳಯ್ಯನಗಿರಿಗೆ ಕಾರು ಸುಮಾರು ಎತ್ತರದವರೆಗೂ ಹೋಗುತ್ತದೆ, ಆಮೇಲೆ ಮೆಟ್ಟಿಲು. ನಿಮ್ಮ ಮನೆಯವರು ಕೆಳಗೆ ಗಾಳಿ ತಗೊಂಡು ಕೂತರೂ ನೋಟಕ್ಕೆ ಏನೂ ಕಡಿಮೆಯಿಲ್ಲ. ಈ ಬೆಟ್ಟದ ದಾರಿಗೆ ವಾಹನಗಳ ಸಂಖ್ಯೆಗೆ ಜಿಲ್ಲಾಡಳಿತ ಮಿತಿ ಹಾಕುವುದುಂಟು. ಹೊರಡುವ ವಾರ ಒಮ್ಮೆ ವಿಚಾರಿಸಿಕೊಳ್ಳಿ. ಕೆಮ್ಮಣ್ಣುಗುಂಡಿಯನ್ನು ಈ ಸಲ ಬಿಡಿ ಅಂತಲೇ ಹೇಳುತ್ತೇನೆ. ಭದ್ರಾವತಿಯ ಕಾರ್ಖಾನೆಗೆ ಅಲ್ಲಿಂದಲೇ ಅದಿರು ಹೋಗುತ್ತಿತ್ತು, ಕಥೆ ದೊಡ್ಡದು. ಆದರೆ ಹೋಗಿ ಬರಲು ಒಂದು ದಿನ ಬೇಕು.

ಮಧ್ಯಾಹ್ನ ಹೊರಟು ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಬನ್ನಿ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನದೆ ಮುಂದೆ ಹೋಗಬೇಡಿ. ಅಲ್ಲಿಂದ ಎಡಕ್ಕೆ ಇಳಿಯುವುದು ಚಾರ್ಮಾಡಿ ಘಾಟಿ. ನೀವು ಅದರಲ್ಲಿ ಇಳಿಯಬೇಕಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ಆ ಘಾಟಿ ಹಲವು ಕಡೆ ಕುಸಿಯಿತು, ಸಂಚಾರವೇ ನಿಂತಿತು. ಇಷ್ಟು ಹಳೆಯ ಗಟ್ಟಿ ಕಲ್ಲು ಯಾಕೆ ಕುಸಿಯುತ್ತದೆ ಅಂತ ಜನ ಕೇಳುತ್ತಾರೆ. ಕುಸಿಯುವುದು ಕಲ್ಲಲ್ಲ, ಅದರ ಮೇಲಿನ ಮಣ್ಣು. ಕೋಟ್ಯಂತರ ವರ್ಷ ಮಳೆ ಬಿದ್ದು ಮೇಲಿನ ಕಲ್ಲು ಕೊಳೆತು ದಪ್ಪ ಮಣ್ಣಾಗಿದೆ. ಅದಕ್ಕೆ ನೀರು ಕುಡಿಸಿ, ಕೆಳಗಿನ ಬುಡವನ್ನು ರಸ್ತೆಗಾಗಿ ಕತ್ತರಿಸಿದರೆ ಜಾರದೆ ಏನು ಮಾಡುತ್ತದೆ? ಕೊಡಗಿನಲ್ಲಿ 2018ರಲ್ಲಿ ಗುಡ್ಡ ಜಾರಿದ ಕಡೆಗಳಲ್ಲೂ ಇಂಥ ಕೈವಾಡ ಎದ್ದು ಕಾಣುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರವಾಸ ಬೇಡ ಅನ್ನುವುದು ಇದಕ್ಕೇ. ನವೆಂಬರ್ ಒಳ್ಳೆಯ ಆಯ್ಕೆ. ಆಕಾಶ ತಿಳಿಯಾಗಿರುತ್ತದೆ, ಹೊಳೆಯಲ್ಲಿ ನೀರಿರುತ್ತದೆ, ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ. ತಿಂಗಳ ಮೊದಲ ವಾರದಲ್ಲಿ ಹಿಂಗಾರಿನ ಮಳೆ ಹನಿಯಬಹುದು, ಎರಡನೇ ವಾರದ ಮೇಲೆ ಹೋಗಿ.

ಮಂಗಳವಾರ ನಿಮ್ಮ ಚಾರಣ. ಕುದುರೆಮುಖ ಶಿಖರ ಸುಮಾರು 1,890 ಮೀಟರ್ ಎತ್ತರ. ಹತ್ತುವ ದಾರಿ ಸಂಸೆ ಹತ್ತಿರದ ಮುಳ್ಳೋಡಿಯಿಂದ. ಬಾಳೆಗಲ್ಲಿನಿಂದ ಮುಳ್ಳೋಡಿಯವರೆಗೆ ದಾರಿ ಕೆಟ್ಟದಾಗಿದೆ, ನಿಮ್ಮ ಕಾರು ತರಬೇಡಿ, ಜೀಪ್ ಸಿಗುತ್ತದೆ. ಹೋಗಿ ಬರಲು ಸುಮಾರು 20 ಕಿ.ಮೀ. ನಡಿಗೆ. ಏರು ಒಮ್ಮೆಲೇ ಬರುವುದಿಲ್ಲ, ಆದರೆ ಬಿಸಿಲಿಗೆ ಮರೆ ಇಲ್ಲದ ಜಾಗ ಜಾಸ್ತಿ. ಅರಣ್ಯ ಇಲಾಖೆಯ ಅನುಮತಿ ಮುಂಚೆಯೇ ಆನ್‌ಲೈನಿನಲ್ಲಿ ಪಡೆಯಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ವಾರಾಂತ್ಯದ ಚೀಟಿ ಬೇಗ ಖಾಲಿ, ಮಂಗಳವಾರಕ್ಕೆ ಸಿಗುವುದು ಸುಲಭ. ಬೆಳಗ್ಗೆ ಬೇಗ ಹೊರಟು ಸಂಜೆಯೊಳಗೆ ಇಳಿಯಲೇಬೇಕು, ಮೇಲೆ ಟೆಂಟ್ ಹಾಕುವಂತಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ. 20 ಕಿ.ಮೀ. ಕಷ್ಟ ಅನ್ನಿಸಿದರೆ ಕುದುರೆಮುಖ ಪಟ್ಟಣದ ಕಡೆಯಿಂದ ಕುರಿಂಜಲ್ ಹತ್ತಿ, ಅದು ಇದಕ್ಕಿಂತ ಹಗುರ. ನೋಟದಲ್ಲಿ ಮೋಸ ಇಲ್ಲ.

ದಾರಿಯಲ್ಲಿ ಗುಡ್ಡದ ಮೈಯೆಲ್ಲ ಬರೀ ಹುಲ್ಲು, ಎರಡು ಗುಡ್ಡ ಸೇರುವ ಮಡಿಲಿನಲ್ಲಿ ಮಾತ್ರ ದಟ್ಟ ಕಾಡು. ಅದನ್ನು ನೋಡಿ ಅಯ್ಯೋ, ಕಾಡೆಲ್ಲ ಕಡಿದುಬಿಟ್ಟಿದ್ದಾರೆ ಅಂದುಕೊಳ್ಳಬೇಡಿ. ಶೋಲಾ ಕಾಡು ಇರುವುದೇ ಹಾಗೆ. ಗಾಳಿ ಹೊಡೆಯುವ, ಮಣ್ಣು ತೆಳುವಾದ ಕಡೆ ಹುಲ್ಲು, ನೀರು ಮತ್ತು ಮಣ್ಣು ನಿಲ್ಲುವ ಕಡೆ ಮರ. ಬೋಳುಗುಡ್ಡ ಅಂತ ಹೀಗಳೆಯುವ ಆ ಹುಲ್ಲೇ ಮಳೆ ನೀರನ್ನು ಹೀರಿಕೊಂಡು ಹೊಳೆಗೆ ನಿಧಾನವಾಗಿ ಬಿಡುತ್ತದೆ. ಶೋಲಾದೊಳಗೆ ಹೊಕ್ಕಾಗ ಮಾತು ನಿಲ್ಲಿಸಿ. ಸಿಂಗಳೀಕ, ಕೆಂಜಳಿಲು, ಸಿಳ್ಳೆ ಹಾಕುವ ಹಕ್ಕಿ, ಅದೃಷ್ಟ ಇದ್ದರೆ ಮಂಗಟ್ಟೆ. ಇಂಬಳ ನವೆಂಬರಿನಲ್ಲಿ ಕಡಿಮೆ, ಆದರೂ ತೇವ ಇರುವ ಕಡೆ ಹತ್ತುತ್ತದೆ. ಗಾಬರಿ ಬೇಡ. ಉಗುರಿನಿಂದ ಬಾಯಿಯ ಕಡೆ ಸರಿಸಿ ತೆಗೆದರೆ ಬಿಡುತ್ತದೆ. ಅದಕ್ಕೆ ಬೆಂಕಿಕಡ್ಡಿ ಇಡುವ ಶೌರ್ಯವೆಲ್ಲ ಸುಮ್ನೆ.

ನೀವಿಬ್ಬರೂ ಹತ್ತುತ್ತಿರುವಾಗ ನಿಮ್ಮ ಮನೆಯವರು ಕಳಸದಲ್ಲೇ ಉಳಿಯಬಹುದು. ಕಳಸೇಶ್ವರ ದೇವಸ್ಥಾನ ಊರಲ್ಲೇ ಇದೆ, ಹೊರನಾಡು ಹತ್ತಿರ. ಮಧ್ಯಾಹ್ನದ ಊಟ ಅನ್ನಪೂರ್ಣೇಶ್ವರಿ ಸನ್ನಿಧಿಯಲ್ಲೇ ಆಯಿತು. ಹೊರನಾಡಿಗೆ ಹೋಗುವಾಗ ಭದ್ರಾ ನದಿ ದಾಟುತ್ತೀರಿ.

ಬುಧವಾರ ಕುದುರೆಮುಖ ಪಟ್ಟಣದ ಮೇಲೆ ಉದ್ಯಾನದ ರಸ್ತೆ ಹಿಡಿಯಿರಿ. ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ಕಂಡ ಕಂಡಲ್ಲಿ ಕಾರು ನಿಲ್ಲಿಸುವಂತಿಲ್ಲ. ಇಲ್ಲಿ ಮಗಳಿಗೆ ಕಲ್ಲಿನ ಇನ್ನೊಂದು ಕಥೆ ಗೊತ್ತಾಗಲಿ. ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಅವರು 1913ರಲ್ಲಿ ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರನ್ನು ಗುರುತಿಸಿದರು. ಮುಳ್ಳಯ್ಯನಗಿರಿಯಲ್ಲಿ ನೋಡಿದ ಅದೇ ಬಗೆಯ ಪಟ್ಟೆ ಕಲ್ಲು. ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ, ಆದರೆ ರಾಶಿ ದೊಡ್ಡದು, ಮ್ಯಾಗ್ನೆಟೈಟ್ ಆದ್ದರಿಂದ ಪುಡಿ ಮಾಡಿ ಅಯಸ್ಕಾಂತದಿಂದ ಬೇರೆ ಮಾಡಬಹುದು. ಇರಾನಿಗೆ ಕಳಿಸುವ ಲೆಕ್ಕದಲ್ಲಿ 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಅಷ್ಟರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಆ ಗಿರಾಕಿ ಕೈಬಿಟ್ಟಿತು. ಆದರೂ ಗಣಿ ನಡೆಯಿತು. ಪುಡಿ ಮಾಡಿದ ಅದಿರನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಬಂದರಿಗೆ ಕಳಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು.

1987ರಲ್ಲಿ ಸುಮಾರು 600 ಚದರ ಕಿ.ಮೀ. ಕಾಡನ್ನು ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದರು. ಗಣಿಯೂ ಉದ್ಯಾನವೂ ಒಂದೇ ಕಡೆ ಹೇಗೆ ಇರಲು ಸಾಧ್ಯ? ಭದ್ರೆಗೆ ಹೂಳು ಸೇರುತ್ತಿದೆ ಎಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2002ರಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಪಶ್ಚಿಮ ಘಟ್ಟದ 39 ತಾಣ ಸೇರಿದಾಗ ಈ ಉದ್ಯಾನವೂ ಅದರಲ್ಲಿತ್ತು. ಕೆಲಸ ಹೋಗಿ ಊರು ಖಾಲಿಯಾದವರ ಸಂಕಟ ಸಣ್ಣದಲ್ಲ. ಆದರೂ ನನ್ನನ್ನು ಕೇಳಿದರೆ ಆ ತೀರ್ಪು ಸರಿಯೇ. ಕಬ್ಬಿಣ ಬೇರೆ ಕಡೆಯೂ ಸಿಗುತ್ತದೆ, ತುಂಗೆ ಭದ್ರೆಯರ ಮೂಲ ಬೇರೆ ಕಡೆ ಸಿಗುವುದಿಲ್ಲ.

ಹೌದು, ಮೂಲ ಇರುವುದು ಇಲ್ಲೇ, ಗಂಗಾಮೂಲದಲ್ಲಿ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಒಂದೇ ಬೆಟ್ಟದಲ್ಲಿ ಹುಟ್ಟುತ್ತವೆ. ಅಲ್ಲಿಗೆ ಅನುಮತಿ ಇಲ್ಲದೆ ನುಗ್ಗಬೇಡಿ, ನಕ್ಷೆಯಲ್ಲಿ ನೋಡಿದರೂ ಸಾಕು. ಅಲ್ಲಿಂದ ನೆಟ್ಟಗೆ ಅಳೆದರೆ ಅರಬ್ಬೀ ಸಮುದ್ರ 60 ಕಿ.ಮೀ. ಒಳಗೇ ಇದೆ. ನೇತ್ರಾವತಿ ಹಾಗೆ ಇಳಿದು ಮಂಗಳೂರಿನಲ್ಲಿ ಸಮುದ್ರ ಸೇರುತ್ತದೆ. ತುಂಗೆ ಭದ್ರೆಯರು ಪಕ್ಕದ ಸಮುದ್ರಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹೊರಡುತ್ತಾರೆ. ಕೂಡಲಿಯಲ್ಲಿ ಸೇರಿ, ಮುಂದೆ ಕೃಷ್ಣೆಯ ಜೊತೆಗೂಡಿ ಬಂಗಾಳ ಕೊಲ್ಲಿಗೆ ಹೋಗುತ್ತಾರೆ. ನೆಲ ಪೂರ್ವಕ್ಕೆ ವಾಲಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಪಶ್ಚಿಮದ ಹೊಳೆಗಳಿಗೆ ದಾರಿ ಗಿಡ್ಡ, ಇಳಿಜಾರು ಜಾಸ್ತಿ. ಅವು ಘಟ್ಟವನ್ನು ಕೊರೆಯುವುದೂ ಜಾಸ್ತಿ.

ಶೃಂಗೇರಿಯಲ್ಲಿ ಊಟ ಮಾಡಿ ಆಗುಂಬೆಗೆ ಬನ್ನಿ. ಹೊತ್ತಿದ್ದರೆ ಕುಂದಾದ್ರಿ. ವಾಹನ ಸುಮಾರು ಮೇಲಿನವರೆಗೂ ಹೋಗುವುದರಿಂದ ಮಂಡಿನೋವಿನವರಿಗೆ ಇದು ಹೇಳಿ ಮಾಡಿಸಿದ ಬೆಟ್ಟ. ಬಂಡೆಯ ನೆತ್ತಿಯಲ್ಲಿ ಜೈನ ಬಸದಿ, ಪಕ್ಕದಲ್ಲಿ ಕೊಳ, ಸುತ್ತ ಕಣಿವೆ. ಆಗುಂಬೆಯ ಸೂರ್ಯಾಸ್ತಕ್ಕೆ ಜನ ಸೇರುವುದನ್ನು ನೀವು ಕೇಳಿರುತ್ತೀರಿ. ನಾನಾದರೆ ಕುಂದಾದ್ರಿಯಲ್ಲೇ ಸಂಜೆ ಕಳೆಯುತ್ತೇನೆ.

ಗುರುವಾರ ಬೆಳಗ್ಗೆ ಆಗುಂಬೆ ಘಾಟಿ ಇಳಿಯಿರಿ. ಮೇಲೆ ಸುಮಾರು 640 ಮೀಟರ್, ಕೆಲವೇ ಕಿಲೋಮೀಟರಿನಲ್ಲಿ ಹೆಚ್ಚು ಕಡಿಮೆ ಕರಾವಳಿಯ ಮಟ್ಟ. ತಿರುವುಗಳಲ್ಲಿ ಕಿವಿ ಕಟ್ಟಿಕೊಳ್ಳುತ್ತದೆ. ಸೋಮೇಶ್ವರ ದಾಟಿದ ಮೇಲೆ ಬಯಲು ಸಿಕ್ಕ ಕಡೆ ನಿಲ್ಲಿಸಿ ಹಿಂದಕ್ಕೆ ನೋಡಿ. ಉತ್ತರ ದಕ್ಷಿಣಕ್ಕೆ ಗೋಡೆ ಕಟ್ಟಿದ ಹಾಗೆ ನಿಂತಿರುತ್ತದೆ ಘಟ್ಟ. ಮನಾಲಿಯ ಜೊತೆ ಹೋಲಿಸುವ ಮಾತು ಅಲ್ಲಿ ಇನ್ನೊಮ್ಮೆ ಆಡಿ ನೋಡೋಣ! ಇನ್ನು ಮುಂದೆ ದಾರಿಬದಿಯಲ್ಲೆಲ್ಲ ಕೆಂಪು ಮುರಕಲ್ಲು. ಮಳೆ ಕಲ್ಲಿನೊಳಗಿನ ಸಿಲಿಕಾವನ್ನೆಲ್ಲ (ಬೆಣಚುಕಲ್ಲು ಆಗಿರುವುದು ಇದರಿಂದಲೇ) ತೊಳೆದುಕೊಂಡು ಹೋಗಿ ಕಬ್ಬಿಣ, ಅಲ್ಯುಮಿನಿಯಂ ಮಾತ್ರ ಉಳಿದಾಗ ಆಗುವ ಕಲ್ಲು ಅದು. ಕರಾವಳಿಯವರು ಅದನ್ನೇ ಕತ್ತರಿಸಿ ಮನೆ ಕಟ್ಟುತ್ತಾರೆ.

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಆರೇಳು ಮುಖದ ಕಲ್ಲಿನ ಕಂಬಗಳು ಸಾಲಾಗಿ ನಿಂತಿವೆ. ಲಾವಾ ತಣಿಯುವಾಗ ಕುಗ್ಗಿ ಬಿರುಕು ಬಿಟ್ಟು ಆದ ಆಕಾರ. ಅನೇಕರು ಇದನ್ನು ಬಸಾಲ್ಟ್, ಅಂದರೆ ಸಿಲಿಕಾ ಕಡಿಮೆ ಇರುವ ಕಪ್ಪು ಲಾವಾ ಕಲ್ಲು, ಅನ್ನುತ್ತಾರೆ, ತಪ್ಪು. ಸಿಲಿಕಾ ಜಾಸ್ತಿ ಇರುವ ರಯೋಲೈಟ್ ಜಾತಿಯ ಕಲ್ಲು ಇದು. ಬೆಳಗಾವಿ, ಬೀದರ್ ಕಡೆಯ ದಖನ್ ಲಾವಾಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದಕ್ಕೆ ಸುಮಾರು 6.6 ಕೋಟಿ ವರ್ಷ, ಇದಕ್ಕೆ ಸುಮಾರು 9 ಕೋಟಿ. ಅಂದರೆ ಮಡಗಾಸ್ಕರ್ ಬಿರಿದು ಹೋದ ಕಾಲದ್ದು, ಇದೇ ವಯಸ್ಸಿನ ಲಾವಾ ಅಲ್ಲೂ ಇದೆ. ಇದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಂಬಗಳ ಮೇಲೆ ಹೆಸರು ಕೆತ್ತಿದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಪಾಚಿ ಕಟ್ಟಿದ ಬಂಡೆ ಜಾರುತ್ತದೆ, ಕಾವಲಿನವರು ಬೇಡ ಎಂದ ಕಡೆ ಹೋಗಬೇಡಿ. ದೋಣಿ ಸಮುದ್ರ ಶಾಂತವಾಗಿದ್ದರೆ ಮಾತ್ರ ಹೊರಡುತ್ತದೆ. ಅದಕ್ಕೇ ಮಧ್ಯಾಹ್ನಕ್ಕೆ ಮುಂಚೆ ಮಲ್ಪೆ ಮುಟ್ಟಿಕೊಳ್ಳಿ. ಮನೆಯವರಿಗೆ ದೋಣಿ ಹತ್ತಿ ಇಳಿಯುವಾಗ ಮಾತ್ರ ಕೈ ಹಿಡಿಯಬೇಕಾಗುತ್ತದೆ, ದ್ವೀಪದಲ್ಲಿ ನಡಿಗೆ ಕಡಿಮೆ.

ಅದೇ ರಾತ್ರಿ ಬೆಂಗಳೂರಿಗೆ ಕಾರು ಓಡಿಸುವ ಸಾಹಸ ಬೇಡ. ಐದು ದಿನದ ಸುಸ್ತಿನಲ್ಲಿ ಕತ್ತಲಲ್ಲಿ ಘಾಟಿ ಹತ್ತುವುದು ಒಳ್ಳೆಯದಲ್ಲ. ರಜೆ ಇನ್ನೊಂದು ದಿನ ಹೆಚ್ಚಿಸಿಕೊಂಡು ಉಡುಪಿಯಲ್ಲಿ ಉಳಿದು, ಶುಕ್ರವಾರ ಬೆಳಕಿನಲ್ಲಿ ಶಿರಾಡಿ ಮೇಲೆ ಹಾಸನಕ್ಕೆ ಬಂದು ಮನೆ ಸೇರಿ. ಇನ್ನೊಂದು ದಿನ ಸಿಗದೇ ಹೋದರೆ ಮಂಗಳವಾರದ ಚಾರಣಕ್ಕೆ ಕತ್ತರಿ ಹಾಕಬೇಡಿ, ಬುಧವಾರದ ಶೃಂಗೇರಿ, ಆಗುಂಬೆ ಬಿಟ್ಟು ಕುದುರೆಮುಖದಿಂದ ನೇರ ಕಾರ್ಕಳಕ್ಕೆ ಇಳಿಯಿರಿ. ಅಲ್ಲೂ ಘಟ್ಟ ಇಳಿದೇ ಇಳಿಯುತ್ತೀರಿ, ಒಂದು ದಿನ ಉಳಿಯುತ್ತದೆ.